ಕೂಸಿನ ಪಕ್ಷವನ್ನು ಹಿಡಿಯುವವರು ಯಾರು?

ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆಯನ್ನು ಅರಿಯದವರು ನಮ್ಮ ನಾಡಿನಲ್ಲಿ ಇರಲಾರರು. ನಮ್ಮ ಹಿರಿಯರು ಒಲೆಯ ಮುಂದಿನ ಜಗಳವನ್ನು ಕಂಡು ಆಡಿದ ಈ ಮಾತು ಇಂದು ಕುಟುಂಬ ನ್ಯಾಯಾಲಯಗಳ ದಿನನಿತ್ಯದ ಅನುಭವವಾಗಿ ನಿಂತಿದೆ. ವಿವಾಹವಿಚ್ಛೇದನದ ಅರ್ಜಿಯೊಂದು ವಿಚಾರಣೆಗೆ ಬಂದಾಗ ಗಂಡನ ಪರವಾಗಿ ಒಬ್ಬ ನ್ಯಾಯವಾದಿಗಳು ಏಳುತ್ತಾರೆ. ಹೆಂಡತಿಯ ಪರವಾಗಿ ಇನ್ನೊಬ್ಬರು ಏಳುತ್ತಾರೆ. ಮನೆ ಯಾರಿಗೆ, ಒಡವೆ ಯಾರಿಗೆ, ಜೀವನಾಂಶವೆಷ್ಟು ಎಂಬ ಪ್ರಶ್ನೆಗಳ ಜೊತೆಯಲ್ಲಿಯೇ, ಅದೇ ಪಟ್ಟಿಯ ಇನ್ನೊಂದು ಬಾಬಿನಂತೆ, ಮಗು ಯಾರಿಗೆ ಎಂಬ ಪ್ರಶ್ನೆಯೂ ಬರುತ್ತದೆ. ಮನೆಯೂ ಒಡವೆಯೂ ಮಾತನಾಡಲಾರವು. ಮಗು ಮಾತನಾಡಬಲ್ಲದು, ಆದರೆ ಅದರ ಮಾತನ್ನು ಅದರದೆಂದೇ ನ್ಯಾಯಪೀಠದ ಮುಂದೆ ಇಡತಕ್ಕವರು ಅಲ್ಲಿ ಯಾರೂ ಇರುವುದಿಲ್ಲ. ತೀರ್ಪಿನ ಫಲವನ್ನು ಎಲ್ಲರಿಗಿಂತ ಹೆಚ್ಚು ಕಾಲ ಅನುಭವಿಸಬೇಕಾದ ಜೀವಕ್ಕೆ ವಕೀಲರಿಲ್ಲವೆಂಬ ಈ ವೈಪರೀತ್ಯವನ್ನು ಕುರಿತು ನಮ್ಮ ವಾಚಕರೊಡನೆ ನಾಲ್ಕು ಮಾತುಗಳನ್ನಾಡಬಯಸುತ್ತೇವೆ.

ವಿಚ್ಛೇದನವು ಒಳ್ಳೆಯದೋ ಕೆಟ್ಟದ್ದೋ ಎಂಬ ಹಳೆಯ ಚರ್ಚೆಯನ್ನು ನಾವಿಲ್ಲಿ ಎತ್ತಿಕೊಳ್ಳುವುದಿಲ್ಲ. 1955ರ ಹಿಂದೂ ವಿವಾಹ ಕಾಯಿದೆಯು ಅದಕ್ಕೆ ದಾರಿಯನ್ನು ತೆರೆಯಿತು. 1976ರ ತಿದ್ದುಪಡಿಯು ಪರಸ್ಪರ ಒಪ್ಪಿಗೆಯಿಂದಲೇ ಅಗಲುವ ಮಾರ್ಗವನ್ನು ಕೂಡಿಸಿತು. ಕೂಡಿ ಬಾಳಲಾರದ ಇಬ್ಬರನ್ನು ಬಲವಂತದಿಂದ ಒಂದು ಸೂರಿನಡಿಯಲ್ಲಿ ಇರಿಸಿದರೆ ಮಕ್ಕಳಿಗೆ ಸುಖವಾಗುವುದೆಂದು ನಂಬತಕ್ಕವರು ಈಗ ವಿರಳ. ದಂಪತಿಗಳ ನಡುವಣ ಸಂಬಂಧವು ನ್ಯಾಯಾಲಯದ ಆಜ್ಞೆಯಿಂದ ಕಡಿದುಹೋಗಬಹುದು. ತಂದೆಮಕ್ಕಳ, ತಾಯಿಮಕ್ಕಳ ಸಂಬಂಧವು ಯಾವ ಆಜ್ಞೆಯಿಂದಲೂ ಕಡಿಯತಕ್ಕದ್ದಲ್ಲ. ಹೀಗಿರಲು, ಮೊದಲನೆಯ ಸಂಬಂಧವನ್ನು ಬಿಡಿಸುವಾಗ ಎರಡನೆಯದನ್ನು ಕಾಪಾಡುವ ಹೊಣೆಯನ್ನು ಯಾರಿಗೆ ವಹಿಸಿದ್ದೇವೆ? ಇದೇ ನಮ್ಮ ಪ್ರಶ್ನೆ.

ಕಾಯಿದೆಯ ಮಾತು ಕೇಳಲು ಇಂಪಾಗಿಯೇ ಇದೆ. ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವದ 1956ರ ಕಾಯಿದೆಯು ತನ್ನ 13ನೆಯ ಪ್ರಕರಣದಲ್ಲಿ ಮಗುವಿನ ಕ್ಷೇಮವೇ ಪರಮ ವಿಚಾರವೆಂದು ಸಾರುತ್ತದೆ. ಹಿಂದೂ ವಿವಾಹ ಕಾಯಿದೆಯ 26ನೆಯ ಪ್ರಕರಣವು ಮಕ್ಕಳ ಪಾಲನೆ, ಪೋಷಣೆ, ವಿದ್ಯಾಭ್ಯಾಸಗಳ ವಿಷಯದಲ್ಲಿ ಆಜ್ಞೆ ಮಾಡುವಾಗ ಸಾಧ್ಯವಿದ್ದಲ್ಲೆಲ್ಲ ಅವರ ಇಚ್ಛೆಗೆ ಹೊಂದುವಂತೆ ಮಾಡಬೇಕೆನ್ನುತ್ತದೆ. ಎಲ್ಲ ಮತದವರಿಗೂ ಅನ್ವಯಿಸುವ 1890ರ ಪೋಷಕರು ಮತ್ತು ಪಾಲ್ಯರ ಕಾಯಿದೆಯ 17ನೆಯ ಪ್ರಕರಣವೂ, ಬುದ್ಧಿಪೂರ್ವಕವಾದ ಒಲವನ್ನು ತಳೆಯುವಷ್ಟು ಮಗು ಬೆಳೆದಿದ್ದರೆ ನ್ಯಾಯಾಲಯವು ಆ ಒಲವನ್ನು ಗಮನಿಸಬಹುದೆಂದು ಹೇಳುತ್ತದೆ. ಆದರೆ ಈ ಇಚ್ಛೆಯನ್ನು ಅರಿಯುವ ಬಗೆ ಯಾವುದು? ಅದನ್ನು ನ್ಯಾಯಪೀಠಕ್ಕೆ ಮುಟ್ಟಿಸುವವರು ಯಾರು? ಕಾಯಿದೆಗಳು ಇಲ್ಲಿಗೆ ಬಂದು ಮೌನವಾಗುತ್ತವೆ. 1890ರ ಕಾಯಿದೆಯ 11ನೆಯ ಪ್ರಕರಣದಲ್ಲಿ ವಿಚಾರಣೆಯ ನೋಟೀಸು ಯಾರಿಗೆಲ್ಲ ಹೋಗತಕ್ಕದ್ದೆಂಬ ಪಟ್ಟಿಯುಂಟು. ಅದರಲ್ಲಿ ತಂದೆತಾಯಿಗಳಿದ್ದಾರೆ, ಮಗುವನ್ನಾಗಲಿ ಅದರ ಆಸ್ತಿಯನ್ನಾಗಲಿ ವಶದಲ್ಲಿಟ್ಟುಕೊಂಡವರಿದ್ದಾರೆ, ಪೋಷಕರಾಗಬಯಸುವವರಿದ್ದಾರೆ, ನ್ಯಾಯಾಲಯಕ್ಕೆ ತಕ್ಕವರೆಂದು ತೋರಿದ ಇತರರೂ ಇದ್ದಾರೆ. ಮಗುವಿನ ಪರವಾಗಿ ನಿಲ್ಲಲೆಂದೇ ಹೆಸರಿಸಲ್ಪಟ್ಟವರು ಒಬ್ಬರೂ ಇಲ್ಲ.

ಪರದೇಶೀಯರ ಆಳ್ವಿಕೆಯ ಗುರುತುಗಳನ್ನು ಅಳಿಸಬೇಕೆಂಬ ಘೋಷಣೆಯೊಡನೆ ಹಳೆಯ ದಂಡಸಂಹಿತೆಯನ್ನೂ ಸಾಕ್ಷ್ಯ ಕಾಯಿದೆಯನ್ನೂ ತೆಗೆದುಹಾಕಿ, 2024ರ ಜುಲೈ 1ರಿಂದ ಹೊಸ ಕಾಯಿದೆಗಳನ್ನು ಜಾರಿಗೆ ತಂದದ್ದನ್ನು ನಾವು ಕಂಡಿದ್ದೇವೆ. ಆದರೆ ನಮ್ಮ ಮಕ್ಕಳ ವಿಧಿಯನ್ನು ಬರೆಯುವ 1890ರ ಕಾಯಿದೆಯು ಇದ್ದಲ್ಲಿಯೇ ಇದೆ. ನ್ಯಾಯಮೂರ್ತಿ ಎ. ಪಿ. ಶಹಾ ಅವರ ಅಧ್ಯಕ್ಷತೆಯ ಕಾನೂನು ಆಯೋಗವು 2015ರ ತನ್ನ 257ನೆಯ ವರದಿಯಲ್ಲಿ ಪೋಷಕತ್ವದ ಕಾಯಿದೆಗಳನ್ನು ತಿದ್ದಬೇಕೆಂದೂ, ಜಂಟಿ ಪಾಲನೆಗೆ ಅವಕಾಶವಿರಬೇಕೆಂದೂ, ಮಗುವಿನ ಒಲವನ್ನು ಅರಿಯುವುದಕ್ಕೆ ಮಾರ್ಗಸೂಚಿಗಳಿರಬೇಕೆಂದೂ ಸಲಹೆಯಿತ್ತಿತು. ವರದಿ ಹೊರಬಿದ್ದಾಗ ತೊಟ್ಟಿಲಲ್ಲಿದ್ದ ಕೂಸುಗಳು ಈಗ ಮಾಧ್ಯಮಿಕ ಶಾಲೆಯ ಮೆಟ್ಟಿಲನ್ನೇರುತ್ತಿವೆ. ಆ ಸಲಹೆಗಳು ಕಾಯಿದೆಯ ರೂಪವನ್ನು ತಳೆದಿಲ್ಲ.

ವಿಚಿತ್ರವೇನೆಂದರೆ, ಮಗುವಿಗೆ ಪ್ರತ್ಯೇಕ ಪ್ರತಿನಿಧಿ ಬೇಕೆಂಬ ತತ್ತ್ವವನ್ನು ನಮ್ಮ ಕಾಯಿದೆ ಅರಿಯದೆ ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೆಯ ಆದೇಶವನ್ನು ತೆಗೆದು ನೋಡಿರಿ. ಅಪ್ರಾಪ್ತ ವಯಸ್ಕನ ಮೇಲೆ ದಾವೆ ಹೂಡಿದಾಗ ನ್ಯಾಯಾಲಯವು ಅವನಿಗೊಬ್ಬ ವ್ಯಾಜ್ಯಪಾಲಕನನ್ನು ನೇಮಿಸಲೇಬೇಕು. ಯಾರ ಹಿತವು ಮಗುವಿನ ಹಿತಕ್ಕೆ ಎದುರಾಗಿದೆಯೋ ಅವರು ಆ ಸ್ಥಾನಕ್ಕೆ ಅರ್ಹರಲ್ಲ. ಎರಡು ಎಕರೆ ಅಡಕೆಯ ತೋಟದ ಪಾಲಿನ ವ್ಯಾಜ್ಯದಲ್ಲಿ ಹತ್ತು ವರ್ಷದ ಹುಡುಗ ಪ್ರತಿವಾದಿಯಾದರೆ ಅವನ ಹಿತವನ್ನು ಕಾಯಲು ಒಬ್ಬರು ನಿಲ್ಲುತ್ತಾರೆ. ಅದೇ ಹುಡುಗನು ಯಾರ ಮನೆಯಲ್ಲಿ ಮಲಗಿ ಏಳಬೇಕು, ಯಾವ ಶಾಲೆಗೆ ಹೋಗಬೇಕು, ತಂಗಿಯೊಡನೆ ಬೆಳೆಯಬೇಕೋ ಅವಳಿಂದ ಬೇರೆಯಾಗಬೇಕೋ ಎಂಬ ವ್ಯಾಜ್ಯದಲ್ಲಿ ಅವನು ಪಕ್ಷಕಾರನೇ ಅಲ್ಲ! ಆದುದರಿಂದ ಅವನಿಗೆ ಪಾಲಕನ ಅಗತ್ಯವೂ ಇಲ್ಲ! ತೋಟಕ್ಕಿರುವ ಕಾವಲು ತೋಟದ ಒಡೆಯನಾಗಬೇಕಾದ ಜೀವಕ್ಕೆ ಇಲ್ಲವೆಂದರೆ ಇದನ್ನು ನ್ಯಾಯವೆಂದು ಹೇಗೆ ಕರೆಯೋಣ?

ಇನ್ನೂ ಒಂದು ಹೋಲಿಕೆಯನ್ನು ನೋಡಬಹುದು. ಅಪರಾಧದ ಆಪಾದನೆಗೆ ಗುರಿಯಾದ ಬಾಲಕನಿಗೆ ಕಾನೂನಿನ ನೆರವು ದೊರೆಯುವಂತೆ ಬಾಲನ್ಯಾಯ ಮಂಡಳಿಯು ನೋಡಿಕೊಳ್ಳಬೇಕೆಂದು 2015ರ ಬಾಲನ್ಯಾಯ ಕಾಯಿದೆಯು ವಿಧಿಸುತ್ತದೆ. ಲೈಂಗಿಕ ಅಪರಾಧಕ್ಕೆ ಬಲಿಯಾದ ಮಗುವಿನ ಕುಟುಂಬಕ್ಕೆ ವಕೀಲರನ್ನಿಡುವ ಶಕ್ತಿಯಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರವು ಒದಗಿಸತಕ್ಕದ್ದೆಂದು 2012ರ ಪೋಕ್ಸೊ ಕಾಯಿದೆಯ 40ನೆಯ ಪ್ರಕರಣವು ಹೇಳುತ್ತದೆ. ಇವೆರಡೂ ಸರಿಯಾದ ವಿಧಿಗಳೇ. ತಪ್ಪು ಮಾಡಿದನೆನ್ನಲಾದ ಮಗುವಿಗೂ ವಕೀಲರುಂಟು, ತಪ್ಪಿಗೆ ತುತ್ತಾದ ಮಗುವಿಗೂ ವಕೀಲರುಂಟು. ಯಾವ ತಪ್ಪನ್ನೂ ಮಾಡದೆ ಮನೆ ಮುರಿಯುವುದನ್ನು ಕಣ್ಣಾರೆ ಕಾಣುವ ಮಗುವಿಗೆ ಮಾತ್ರ ಇಲ್ಲ.

ಈ ಮಾತನ್ನು ನಾವು ಹೊಸದಾಗಿ ಹುಟ್ಟಿಸಿಕೊಂಡು ಹೇಳುತ್ತಿಲ್ಲ. ಒಂದು ಶತಮಾನಕ್ಕೂ ಹಿಂದೆ ನಮ್ಮ ನೆರೆಯ ಮದ್ರಾಸಿನಲ್ಲಿಯೇ ಎದ್ದ ಒಂದು ಹೆಸರಾಂತ ಖಟ್ಲೆಯನ್ನು ವಾಚಕರ ನೆನಪಿಗೆ ತರುತ್ತೇವೆ. ಅದು ವಿಚ್ಛೇದನದ ಖಟ್ಲೆಯಲ್ಲ. ಆದರೆ ಮಕ್ಕಳಿಗಾಗಿ ಹಿರಿಯರಿಬ್ಬರು ಹೋರಾಡಿದ್ದು. ಜಿಡ್ಡು ನಾರಾಯಣಯ್ಯನವರು ತಮ್ಮ ಇಬ್ಬರು ಗಂಡುಮಕ್ಕಳಾದ ಕೃಷ್ಣಮೂರ್ತಿ, ನಿತ್ಯಾನಂದರ ಪೋಷಕತ್ವವನ್ನು 1910ರಲ್ಲಿ ಶ್ರೀಮತಿ ಆನಿ ಬೆಸೆಂಟರಿಗೆ ಒಪ್ಪಿಸಿದ್ದರು; 1912ರಲ್ಲಿ ಮನಸ್ಸು ಬದಲಿಸಿ ಮಕ್ಕಳನ್ನು ಹಿಂದಕ್ಕೆ ಪಡೆಯಲು ದಾವೆ ಹೂಡಿದರು. ಬಾಲಕರಿಬ್ಬರೂ ಆಗ ಇಂಗ್ಲೆಂಡಿನಲ್ಲಿದ್ದರು. ಮದ್ರಾಸಿನ ಉಚ್ಚ ನ್ಯಾಯಾಲಯವು 1913ರಲ್ಲಿ ತಂದೆಯ ಪರವಾಗಿ ತೀರ್ಪಿತ್ತಿತು. 1914ರಲ್ಲಿ ಪ್ರೀವಿ ಕೌನ್ಸಿಲು ಆ ತೀರ್ಪನ್ನು ರದ್ದುಮಾಡಿತು. ಬಾಲಕರ ವಾಸಸ್ಥಳ, ದಾವೆಯ ಸ್ವರೂಪ ಮೊದಲಾದ ಕಾರಣಗಳ ಜೊತೆಯಲ್ಲಿ, ಬಾಲಕರ ಇಚ್ಛೆಯನ್ನು ಯಾರೂ ವಿಚಾರಿಸಿರಲಿಲ್ಲ, ಅವರ ಪರವಾಗಿ ನ್ಯಾಯಾಲಯದಲ್ಲಿ ಯಾರೂ ನಿಂತಿರಲಿಲ್ಲ ಎಂಬ ಕೊರತೆಯೂ ಅಲ್ಲಿ ಎದ್ದು ಕಂಡಿತು. ಅವರಲ್ಲಿ ಹಿರಿಯನಾದ ಕೃಷ್ಣಮೂರ್ತಿಯು ಮುಂದೆ ಜಗತ್ತೇ ಕಿವಿಗೊಟ್ಟು ಕೇಳಿದ ಚಿಂತಕನಾದನು. ಆದರೆ ತನ್ನ ಬಾಳಿನ ದಿಕ್ಕನ್ನೇ ನಿರ್ಣಯಿಸುತ್ತಿದ್ದ ಮದ್ರಾಸಿನ ವಿಚಾರಣೆಯಲ್ಲಿ ಅವನ ಮಾತಿಗೆ ಸ್ಥಾನವಿರಲಿಲ್ಲ. ಸೀತೆಯ ಪರಿತ್ಯಾಗದ ಕಥೆಯನ್ನು ಕೇಳಿ ಕಣ್ಣೀರಿಡುವ ನಾವು, ಲವಕುಶರನ್ನು ಯಾರೂ ಒಂದು ಮಾತು ಕೇಳಲಿಲ್ಲವೆಂಬುದನ್ನು ನೆನೆಯುವುದು ಕಡಿಮೆ. ಕಾಡಿನ ಆ ಕಾಲಕ್ಕೂ ನ್ಯಾಯಾಲಯದ ಈ ಕಾಲಕ್ಕೂ ಈ ಒಂದು ವಿಷಯದಲ್ಲಿ ಅಂತರವು ಬಹಳವೇನೂ ಬೆಳೆದಿಲ್ಲ.

ನ್ಯಾಯಾಧೀಶರೇ ಮಗುವಿಗೆ ತಂದೆತಾಯಿಗಳ ಸ್ಥಾನದಲ್ಲಿ ಇರುವಾಗ ಬೇರೆ ವಕೀಲರೇಕೆಂದು ಕೆಲವರು ಕೇಳುವರು. ಮಕ್ಕಳು ತಂದೆತಾಯಿಗಳ ಸ್ವತ್ತಲ್ಲ, ಅವರ ಆಟಿಕೆಯೂ ಅಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1973ರಲ್ಲಿಯೇ ಹೇಳಿತು; ಆ ಬಳಿಕ ಇಂತಹ ಮಾತುಗಳು ಅನೇಕ ತೀರ್ಪುಗಳಲ್ಲಿ ಬಂದಿವೆ. ಮಗುವನ್ನು ತಮ್ಮ ಕೊಠಡಿಗೆ ಕರೆಯಿಸಿ ಮಿಠಾಯಿ ಕೊಟ್ಟು ಮೃದುವಾಗಿ ಮಾತನಾಡಿಸುವ ನ್ಯಾಯಾಧೀಶರು ನಮ್ಮಲ್ಲಿದ್ದಾರೆ. ಅವರ ಸಹೃದಯತೆಯನ್ನು ನಾವು ಮನಸಾರೆ ಮೆಚ್ಚುತ್ತೇವೆ. ಆದರೆ ದಿನದ ಪಟ್ಟಿಯಲ್ಲಿ ಹತ್ತಾರು ಪ್ರಕರಣಗಳನ್ನು ಇಟ್ಟುಕೊಂಡ ನ್ಯಾಯಾಧೀಶರು ಒಂದು ಮಗುವಿಗೆ ಎಷ್ಟು ಹೊತ್ತನ್ನು ಕೊಡಬಲ್ಲರು? ಕಪ್ಪು ನಿಲುವಂಗಿಯ ಅಪರಿಚಿತರ ಮುಂದೆ ಏಳು ವರ್ಷದ ಹುಡುಗಿ ತನ್ನ ಮನಸ್ಸನ್ನು ಹದಿನೈದು ನಿಮಿಷದಲ್ಲಿ ಬಿಚ್ಚಿಡುವಳೆ? ಆ ದಿನ ಬೆಳಿಗ್ಗೆ ಅವಳನ್ನು ಕೈಹಿಡಿದು ಕರೆತಂದವರು ಯಾರೋ ಅವರ ಮಾತೇ ಅವಳ ಬಾಯಿಂದ ಬರುವ ಸಂಭವ ಹೆಚ್ಚು. ಇದಲ್ಲದೆ, ತೂಗಿ ನೋಡುವುದು ನ್ಯಾಯಾಧೀಶರ ಕರ್ತವ್ಯ. ತಕ್ಕಡಿಗೆ ಹಾಕತಕ್ಕ ಸಂಗತಿಗಳನ್ನು ತಾವೇ ಶಾಲೆಗೂ ಮನೆಗೂ ಅಲೆದು ತರಲು ಅವರಿಂದಾಗದು. ಗಂಡನ ವಕೀಲರು ಗಂಡನಿಗೆ ಬೇಕಾದುದನ್ನು ತರುವರು, ಹೆಂಡತಿಯ ವಕೀಲರು ಹೆಂಡತಿಗೆ ಬೇಕಾದುದನ್ನು ತರುವರು. ಇಬ್ಬರಿಗೂ ಬೇಡವಾದ, ಆದರೆ ಮಗುವಿಗೆ ಬೇಕಾದ ಸಂಗತಿಯು ಕಡತದ ಹೊರಗೇ ಉಳಿಯುವುದು.

ಕುಟುಂಬ ನ್ಯಾಯಾಲಯಗಳ 1984ರ ಕಾಯಿದೆಯು ಸಲಹೆಗಾರರನ್ನು ಏರ್ಪಡಿಸಿದೆ, ವೈದ್ಯರ ಮತ್ತು ಸಮಾಜಹಿತ ತಜ್ಞರ ನೆರವನ್ನು ಪಡೆಯಲು ಅವಕಾಶವಿತ್ತಿದೆ ಎಂಬುದು ನಿಜ. ಆದರೆ ಸಲಹೆಗಾರರ ಮೊದಲ ಕೆಲಸ ಸಂಧಾನ. ಜಗಳವಾಡುವವರನ್ನು ಒಂದು ಒಪ್ಪಂದಕ್ಕೆ ತರುವುದರಲ್ಲಿ ಅವರ ಸಾರ್ಥಕತೆ. ಆ ಒಪ್ಪಂದವು ಮಗುವಿಗೆ ಅನ್ಯಾಯವಾದಾಗ ಎದ್ದು ನಿಂತು, ಇದಕ್ಕೆ ನಮ್ಮ ಆಕ್ಷೇಪಣೆಯುಂಟು ಎನ್ನುವ ಅಧಿಕಾರವು ಅವರಿಗಿಲ್ಲ. ಸಾಕ್ಷಿಯನ್ನು ಪ್ರಶ್ನಿಸಲಾರರು, ಮೇಲ್ಮನವಿ ಸಲ್ಲಿಸಲಾರರು. ವರದಿಯನ್ನು ಬರೆದುಕೊಡುವುದು ಬೇರೆ, ಒಬ್ಬರ ಪಕ್ಷವನ್ನು ಹಿಡಿದು ಕಡೆಯವರೆಗೂ ನಿಲ್ಲುವುದು ಬೇರೆ.

ಹೀಗೆ ನಿಲ್ಲುವವರಿಲ್ಲದಿದ್ದರೆ ಏನಾಗುವುದೆಂಬುದಕ್ಕೆ ಈಚಿನ ಒಂದು ಪ್ರಕರಣವು ಸಾಕ್ಷಿಯಾಗಿದೆ. ವಿಚ್ಛೇದನವನ್ನು ಬೇಡಿದ ಗಂಡನೊಬ್ಬನು ಹೆಂಡತಿಯ ನಡತೆಯನ್ನು ಶಂಕಿಸಿ, ಅದನ್ನು ಸಿದ್ಧಪಡಿಸಲು ಮಗನ ಡಿಎನ್‌ಎ ಪರೀಕ್ಷೆಯಾಗಬೇಕೆಂದು ಕೇಳಿದನು. ಪುಣೆಯ ಕುಟುಂಬ ನ್ಯಾಯಾಲಯವು ಒಪ್ಪಿತು. ಬೊಂಬಾಯಿಯ ಉಚ್ಚ ನ್ಯಾಯಾಲಯವೂ ಒಪ್ಪಿತು. ನಮ್ಮ ಕನ್ನಡನಾಡಿನವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರಿದ್ದ ಸರ್ವೋಚ್ಚ ನ್ಯಾಯಾಲಯದ ಪೀಠವು 2023ರ ಫೆಬ್ರವರಿಯಲ್ಲಿ ಆ ಆಜ್ಞೆಗಳನ್ನು ತೊಡೆದುಹಾಕಿತು. ದಂಪತಿಗಳ ಕಲಹದಲ್ಲಿ ಮಗುವನ್ನು ಕೇಂದ್ರಬಿಂದುವಾಗಿಸಬಾರದು, ತನ್ನ ಹುಟ್ಟನ್ನು ಲಘುವಾಗಿ ಪ್ರಶ್ನಿಸಬಾರದೆನ್ನುವ ಹಕ್ಕು ಮಗುವಿಗುಂಟು ಎಂಬುದು ಆ ತೀರ್ಪಿನ ತಿರುಳು. ಇದು ಎಲ್ಲರೂ ಕೊಂಡಾಡತಕ್ಕ ತೀರ್ಪು. ಆದರೆ ಆ ಹುಡುಗನು ವಿಚ್ಛೇದನದ ಅರ್ಜಿಯಲ್ಲಿ ಪಕ್ಷಕಾರನಾಗಿರಲಿಲ್ಲ. ಅವನ ರಕ್ತವನ್ನು ಕೇಳಿದವರಿದ್ದರು, ಕೊಡಬೇಕೆಂದವರಿದ್ದರು. ಅವನದೆಂಬ ಧ್ವನಿ ಮಾತ್ರ ಇರಲಿಲ್ಲ. ಅಲ್ಲಿ ತಾಯಿಯ ಹಿತವೂ ಮಗನ ಹಿತವೂ ಒಂದೇ ದಾರಿಯಲ್ಲಿದ್ದುದರಿಂದ ತಾಯಿಯ ಹೋರಾಟವು ಮಗನನ್ನೂ ಉಳಿಸಿತು. ಎರಡು ಹಿತಗಳೂ ಬೇರೆಬೇರೆ ದಾರಿಗಳನ್ನು ಹಿಡಿದಿದ್ದರೆ ಆ ಹುಡುಗನ ಹಕ್ಕು ದೆಹಲಿಯವರೆಗೆ ಹೋಗುತ್ತಿತ್ತೆ?

ಜಗಳದ ಪ್ರಕರಣಗಳಲ್ಲಿಯೇ ಹೀಗೆಂದಮೇಲೆ, ಪರಸ್ಪರ ಒಪ್ಪಿಗೆಯ ಪ್ರಕರಣಗಳಲ್ಲಿ ಕೂಸು ಕ್ಷೇಮವಾಗಿರುವುದೆಂದು ಭಾವಿಸುವಂತಿಲ್ಲ. ಬೇಗನೆ ಬಿಡುಗಡೆಯನ್ನು ಬಯಸುವ ಇಬ್ಬರು ಮಾಡಿಕೊಳ್ಳುವ ಕರಾರಿನಲ್ಲಿ ಕೊಡುಕೊಳ್ಳುವಿಕೆ ಸಹಜ. ಒಬ್ಬರು ಮಗುವಿನ ಖರ್ಚಿನ ಹಣವನ್ನು ಬಿಟ್ಟುಕೊಡುತ್ತಾರೆ. ಪ್ರತಿಯಾಗಿ ಇನ್ನೊಬ್ಬರು ಮಗುವನ್ನು ಕಾಣುವ ಹಕ್ಕನ್ನು ಬಿಟ್ಟುಕೊಡುತ್ತಾರೆ. ಎರಡು ಬಿಡುಗಡೆಗಳಿಗೂ ಬೆಲೆ ತೆರುವುದು ಮಗುವೇ: ಒಂದು ಕಡೆ ಅದರ ಶಾಲೆಯ ಶುಲ್ಕ, ಇನ್ನೊಂದು ಕಡೆ ಅದರ ತಂದೆ ಅಥವಾ ತಾಯಿ. ಇಬ್ಬರು ವಕೀಲರೂ ಒಪ್ಪಿ ರುಜು ಹಾಕಿದ ಕರಾರನ್ನು ಕಂಡ ನ್ಯಾಯಾಧೀಶರಿಗೆ ಅದರಲ್ಲಿ ಅನ್ಯಾಯವಿದೆಯೆಂದು ತಿಳಿಸುವವರಾರು? ಕಾಯಿದೆಯ ದೃಷ್ಟಿಯಲ್ಲಿ ಪೋಷಣೆಯನ್ನು ಪಡೆಯುವ ಹಕ್ಕು ಮಗುವಿನದು. ಅದನ್ನು ಮಾರಿಕೊಳ್ಳುವ ಅಧಿಕಾರ ಹೆತ್ತವರಿಗಿಲ್ಲ. ಹಕ್ಕು ಕಾಗದದ ಮೇಲಿದ್ದು ಕೇಳುವವರಿಲ್ಲದಿದ್ದರೆ ಬಂದ ಲಾಭವೇನು?

ತೀರ್ಪು ಬಂದ ಮೇಲೂ ಮಗುವಿನ ಪಾಡು ಮುಗಿಯದು. ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯವು 2013ರಲ್ಲಿ ಒಂದು ಪ್ರಕರಣದಲ್ಲಿ, ಹನ್ನೆರಡು ವರ್ಷದ ಬಾಲಕನು ವರ್ಷದ ಮೊದಲ ಆರು ತಿಂಗಳು ತಂದೆಯ ಬಳಿಯಲ್ಲಿಯೂ ಮುಂದಿನ ಆರು ತಿಂಗಳು ತಾಯಿಯ ಬಳಿಯಲ್ಲಿಯೂ ಇರಬೇಕೆಂದು ಆಜ್ಞೆ ಮಾಡಿತು. ಇಬ್ಬರ ಪ್ರೀತಿಯೂ ಮಗುವಿಗೆ ಸಲ್ಲಬೇಕೆಂಬ ಉದಾರ ದೃಷ್ಟಿಯಿಂದ ಬಂದ ಈ ತೀರ್ಪನ್ನು ಕಾನೂನು ಆಯೋಗವೂ ತನ್ನ ವರದಿಯಲ್ಲಿ ನೆನೆಯಿತು. ಇಂತಹ ಏರ್ಪಾಡುಗಳು ಸಾಧುವಾದವು. ಆದರೆ ಹನ್ನೆರಡಕ್ಕೆ ಹೊಂದಿದ ವೇಳಾಪಟ್ಟಿಯು ಹದಿನೈದಕ್ಕೆ ಹೊಂದದಿರಬಹುದು. ಹತ್ತನೆಯ ತರಗತಿಯ ಪರೀಕ್ಷೆ ಬರಬಹುದು, ಮನೆಯವರಲ್ಲೊಬ್ಬರು ಬೇರೆ ಊರಿಗೆ ಹೋಗಬಹುದು, ಮರುಮದುವೆಯಾಗಬಹುದು. ಆಗ ಆಜ್ಞೆಯನ್ನು ಬದಲಾಯಿಸಬೇಕೆಂದು ಅರ್ಜಿ ಹಾಕತಕ್ಕವರು ತಂದೆ ಅಥವಾ ತಾಯಿ. ಇಬ್ಬರಿಗೂ ಇರುವುದೇ ಅನುಕೂಲವಾಗಿದ್ದರೆ ಹುಡುಗನ ಸಂಕಟವು ಮನೆಯ ಗೋಡೆಗಳ ನಡುವೆಯೇ ಉಳಿಯಿತು. ಅವನ ಹೆಸರಿನಲ್ಲಿ ನ್ಯಾಯಾಲಯದ ಬಾಗಿಲನ್ನು ತಟ್ಟಬಲ್ಲ ಒಬ್ಬರಿದ್ದರೆ ಇಂತಹ ತೀರ್ಪುಗಳ ಸದುದ್ದೇಶವೂ ಕೈಗೂಡುವುದು.

ಹೊರನಾಡುಗಳು ಈ ವಿಷಯದಲ್ಲಿ ನಮಗಿಂತ ಮುಂದೆ ನಡೆದಿವೆ. ವರ್ಣಭೇದದ ನೊಗವನ್ನು ಕಿತ್ತೊಗೆದ ದಕ್ಷಿಣ ಆಫ್ರಿಕವು 1996ರ ತನ್ನ ಸಂವಿಧಾನದಲ್ಲಿಯೇ, ಮಗುವಿಗೆ ಸಂಬಂಧಿಸಿದ ಸಿವಿಲ್ ವ್ಯವಹಾರಗಳಲ್ಲಿ ಇಲ್ಲದಿದ್ದರೆ ಗಣನೀಯ ಅನ್ಯಾಯವಾಗುವಂತಿದ್ದರೆ ಸರಕಾರದ ಖರ್ಚಿನಿಂದ ವಕೀಲರನ್ನು ಪಡೆಯುವುದು ಮಗುವಿನ ಹಕ್ಕೆಂದು ಬರೆಯಿತು. ನ್ಯೂಜಿಲೆಂಡಿನ 2004ರ ಕಾಯಿದೆಯು ಮಗುವಿಗೆ ವಕೀಲರನ್ನು ನೇಮಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿದೆ. ಆಸ್ಟ್ರೇಲಿಯದಲ್ಲಿ ಮಕ್ಕಳ ಸ್ವತಂತ್ರ ವಕೀಲರೆಂಬ ಒಂದು ಪದವಿಯೇ ಉಂಟು. ಅಲ್ಲಿಯ ಅನುಭವದಿಂದ ನಾವು ಕಲಿಯತಕ್ಕ ಎಚ್ಚರಿಕೆಯೂ ಒಂದುಂಟು: ಆ ವಕೀಲರು ಮಗುವನ್ನು ಮುಖತಃ ಕಾಣಲೇಬೇಕೆಂಬ ವಿಧಿಯು ಮೊದಲು ಕಾಯಿದೆಯಲ್ಲಿರಲಿಲ್ಲ, 2023ರಲ್ಲಿ ತಿದ್ದುಪಡಿ ಮಾಡಿ, ಕೆಲವು ವಿನಾಯಿತಿಗಳೊಡನೆ, 2024ರ ಮೇ ತಿಂಗಳಿನಿಂದ ಆ ಕರ್ತವ್ಯವನ್ನು ಜಾರಿಗೆ ತರಬೇಕಾಯಿತು. ಮಗುವಿನ ಮುಖವನ್ನು ನೋಡದೆ ಕಡತವನ್ನಷ್ಟೇ ಓದಿ ವಾದಿಸುವ ವಕೀಲರಿಂದ ಕೂಸಿನ ಪಕ್ಷ ನಿಲ್ಲದು.

ನಮ್ಮ ದೇಶವೂ ಮಾತು ಕೊಡದೆ ಇಲ್ಲ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತವು 1992ರ ಡಿಸೆಂಬರ್ 11ರಂದು ಸೇರಿತು. ತನಗೆ ಸಂಬಂಧಿಸಿದ ಯಾವ ನ್ಯಾಯವಿಚಾರಣೆಯಲ್ಲಿಯೂ ಮಗುವಿನ ಮಾತನ್ನು ನೇರವಾಗಿಯಾಗಲಿ ಪ್ರತಿನಿಧಿಯ ಮೂಲಕವಾಗಲಿ ಕೇಳಲು ಅವಕಾಶವಿರಬೇಕೆಂದು ಅದರ 12ನೆಯ ಅನುಚ್ಛೇದವು ವಿಧಿಸುತ್ತದೆ. ಅಂದು ಹುಟ್ಟಿದ ಮಕ್ಕಳು ಇಂದು ತಾವೇ ತಂದೆತಾಯಿಗಳಾಗಿದ್ದಾರೆ. ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಇನ್ನೆಷ್ಟು ತಲೆಮಾರು ಬೇಕು?

ಆಕ್ಷೇಪಣೆಗಳಿಲ್ಲವೆಂದು ನಾವು ಹೇಳುವುದಿಲ್ಲ. ಕುಟುಂಬ ನ್ಯಾಯಾಲಯದಲ್ಲಿ ವಕೀಲರಿರುವುದು ಹಕ್ಕಲ್ಲವೆಂದು 1984ರ ಕಾಯಿದೆಯ 13ನೆಯ ಪ್ರಕರಣವೇ ಹೇಳುತ್ತದೆ. ಇಬ್ಬರು ವಕೀಲರಿಂದಲೇ ಬೆಳೆಯುವ ಜಗಳವು ಮೂವರಿಂದ ಇನ್ನಷ್ಟು ಬೆಳೆಯದೆ ಎಂಬುದು ಒಂದು ಆಕ್ಷೇಪಣೆ. ಇದರಲ್ಲಿ ಸತ್ಯಾಂಶವುಂಟು. ಆದರೆ ರೂಢಿಯಲ್ಲಿ ಅನುಮತಿಯನ್ನು ಪಡೆದು ಎರಡು ಕಡೆಗೂ ವಕೀಲರು ನಿಲ್ಲುತ್ತಲೇ ಇರುವಾಗ, ಬಾಗಿಲನ್ನು ಮಗುವಿಗೆ ಮಾತ್ರ ಮುಚ್ಚುವುದು ಸರಿಯೆ? ಜಗಳವನ್ನು ಲಂಬಿಸಿದರೆ ಲಾಭ ಪಡೆಯುವ ಪಕ್ಷಗಳಿರಬಹುದು. ಅದರಿಂದ ಎಂದೆಂದಿಗೂ ಲಾಭವಿಲ್ಲದ ಪಕ್ಷವೆಂದರೆ ಮಗುವಿನದು. ಬಾಲ್ಯವು ವಾಯಿದೆಗಳಿಗಾಗಿ ಕಾಯುವುದಿಲ್ಲ. ವಿಚಾರಣೆಯು ಬೇಗ ಮುಗಿಯಲಿ ಎಂದು ಪಟ್ಟು ಹಿಡಿಯುವ ವಕೀಲರು ಯಾರಾದರೂ ಇದ್ದರೆ ಅವರು ಮಗುವಿನ ವಕೀಲರೇ ಆಗಿರುವರು.

ಮಗುವನ್ನು ನ್ಯಾಯಾಲಯಕ್ಕೆ ಎಳೆದಂತಾಗುವುದೆಂಬುದು ಇನ್ನೊಂದು ಆಕ್ಷೇಪಣೆ. ಅಮ್ಮ ಬೇಕೋ ಅಪ್ಪ ಬೇಕೋ ಎಂದು ಮಗುವನ್ನು ಕೇಳುವುದಕ್ಕಿಂತ ಕ್ರೂರವಾದ ಪ್ರಶ್ನೆ ಇನ್ನೊಂದಿಲ್ಲ; ಅದನ್ನು ನಾವೂ ಒಪ್ಪುತ್ತೇವೆ. ಆದರೆ ಆ ಪ್ರಶ್ನೆಯಿಂದ ಮಗುವನ್ನು ಪಾರುಮಾಡುವ ಉಪಾಯವೇ ಪ್ರತಿನಿಧಿ. ಮಕ್ಕಳ ಮನಸ್ಸು ಈ ಎರಡು ಮಾತುಗಳ ನಡುವೆ ಹಂಚಿಕೊಂಡಿರುವುದಿಲ್ಲ. ಒಂದು ಮಗು ಅಜ್ಜಿಯನ್ನು ಬಿಟ್ಟಿರಲಾರದು, ಇನ್ನೊಂದು ಶಾಲೆಯ ಗೆಳೆಯರನ್ನು. ಒಂದಕ್ಕೆ ಅಣ್ಣ ಜೊತೆಯಲ್ಲಿರಬೇಕು, ಇನ್ನೊಂದಕ್ಕೆ ಭಾನುವಾರ ಪೋಲೀಸ್ ಠಾಣೆಯ ಮುಂದೆ ಕೈಬದಲಾಗುವುದು ತಪ್ಪಬೇಕು. ಬಿಡುವಿನಲ್ಲಿ, ನಂಬಿಕೆಯಿಂದ, ಹಲವು ಸಲ ಮಾತನಾಡಿದವರಿಗೆ ಮಾತ್ರ ಇವು ತಿಳಿಯುವುವು. ಬೆಳಗಾವಿಯ ಮಗು ಮರಾಠಿಯಲ್ಲಿ ಅಳಬಹುದು, ಕಲಬುರಗಿಯ ಮಗು ಉರ್ದುವಿನಲ್ಲಿ, ಮಂಗಳೂರಿನ ಮಗು ತುಳುವಿನಲ್ಲಿ. ಅದರ ಭಾಷೆಯಲ್ಲಿ ಕೇಳಿ ನ್ಯಾಯಾಲಯದ ಭಾಷೆಯಲ್ಲಿ ಹೇಳುವವರು ಬೇಡವೆ?

ಮಗುವಿನ ಇಚ್ಛೆಯೂ ಮಗುವಿನ ಹಿತವೂ ಒಂದೇ ಆಗಿರದಿದ್ದಾಗ ವಕೀಲರು ಯಾವುದನ್ನು ವಾದಿಸಬೇಕೆಂಬುದು ಎಲ್ಲಕ್ಕಿಂತ ಗಹನವಾದ ಪ್ರಶ್ನೆ. ಹೊಡೆಯುವ ತಂದೆಯನ್ನೇ ಹಂಬಲಿಸುವ ಮಗುವುಂಟು. ತಾಯಿಯು ಹೇಳಿಕೊಟ್ಟ ಹಗೆಯನ್ನೇ ತನ್ನದೆಂದು ತಿಳಿದ ಮಗುವುಂಟು. ನಮ್ಮ ಅಭಿಪ್ರಾಯದಲ್ಲಿ ಪ್ರತಿನಿಧಿಯು ಎರಡನ್ನೂ ಬೇರೆಬೇರೆಯಾಗಿಯೇ ನ್ಯಾಯಪೀಠದ ಮುಂದಿಡತಕ್ಕದ್ದು: ಮಗು ಹೇಳಿದ್ದು ಇದು, ನಾವು ಕಂಡದ್ದು ಇದು, ಎಂದು. ಮಾತು ಬಾರದ ಎಳೆಯ ಕೂಸಿನ ವಿಷಯದಲ್ಲಿ ಹಿತವೇ ಪ್ರಧಾನ. ಬುದ್ಧಿ ಬಲಿತ ಹದಿನಾಲ್ಕು ಹದಿನೈದರ ಮಕ್ಕಳ ವಿಷಯದಲ್ಲಿ ಅವರ ಮಾತಿಗೆ ಹೆಚ್ಚಿನ ತೂಕ. ನಿರ್ಣಯವು ನ್ಯಾಯಾಧೀಶರದೇ. ಮಗುವಿನ ಮಾತನ್ನು ಕೇಳುವುದೆಂದರೆ ಮಗುವಿನ ಕೈಗೆ ತೀರ್ಪನ್ನು ಕೊಡುವುದೆಂದು ಅರ್ಥವಲ್ಲ.

ಈಗ ಮಾಡತಕ್ಕ ಕೆಲಸವೇನು? ಹೊಸ ಕಾಯಿದೆಯು ಬರಬೇಕು. ಅದಕ್ಕಾಗಿ ಸಂಸತ್ತನ್ನು ಒತ್ತಾಯಿಸುತ್ತೇವೆ. ಆದರೆ ಅದು ಬರುವವರೆಗೆ ಕೈಕಟ್ಟಿ ಕುಳಿತಿರಬೇಕಾಗಿಲ್ಲ, ಏಕೆಂದರೆ ಬೇಕಾದ ಸಾಮಗ್ರಿಯೆಲ್ಲವೂ ಈಗಿನ ಕಾಯಿದೆಗಳಲ್ಲಿಯೇ ಇದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೆಯ ಪ್ರಕರಣದಂತೆ ಪ್ರತಿಯೊಂದು ಮಗುವೂ, ಆದಾಯದ ಮಿತಿಯಿಲ್ಲದೆ, ಉಚಿತ ಕಾನೂನು ನೆರವಿಗೆ ಅರ್ಹ. ನ್ಯಾಯದ ಹಿತಕ್ಕೆ ಅಗತ್ಯವೆಂದು ತೋರಿದರೆ ಕಾನೂನು ಪರಿಣತರನ್ನು ನ್ಯಾಯಾಲಯದ ಮಿತ್ರರನ್ನಾಗಿ ಕರೆಯಬಹುದೆಂದು ಕುಟುಂಬ ನ್ಯಾಯಾಲಯಗಳ ಕಾಯಿದೆಯ ಅದೇ 13ನೆಯ ಪ್ರಕರಣವು ಹೇಳುತ್ತದೆ. ನಿಯಮಗಳನ್ನು ರಚಿಸುವ ಅಧಿಕಾರವನ್ನು 21ನೆಯ ಪ್ರಕರಣವು ಉಚ್ಚ ನ್ಯಾಯಾಲಯಕ್ಕೆ ಕೊಟ್ಟಿದೆ. ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ಕುಟುಂಬ ನ್ಯಾಯಾಲಯವೂ ರಾಜ್ಯ ಕಾನೂನು ಸೇವಾ ಪ್ರಾಧಿಕಾರವೂ ಒಂದೇ ಸೂರಿನಡಿಯಲ್ಲಿವೆ. ವಕೀಲರಿಲ್ಲದ ಮಗುವಿಗೂ ಮಗುವಿಗೆ ವಕೀಲರನ್ನು ಕೊಡಬಲ್ಲ ಕಚೇರಿಗೂ ನಡುವೆ ಇರುವುದು ಕೆಲವು ಮೆಟ್ಟಿಲುಗಳು. ಆ ಮೆಟ್ಟಿಲುಗಳನ್ನು ಹತ್ತಿಸುವ ಒಂದು ನಿಯಮವನ್ನೇ ನಾವು ಬೇಡುತ್ತೇವೆ.

ಸಂಧಾನವು ಮುರಿದುಬಿದ್ದು ಮಗುವಿನ ಪಾಲನೆಯು ವಿವಾದಕ್ಕೆ ಬಂದ ಪ್ರತಿಯೊಂದು ಪ್ರಕರಣದಲ್ಲಿಯೂ ಜಿಲ್ಲಾ ಪ್ರಾಧಿಕಾರದ ಪಟ್ಟಿಯಿಂದ ಮಗುವಿಗೊಬ್ಬ ಪ್ರತಿನಿಧಿಯನ್ನು ನೇಮಿಸಲಿ. ಮಕ್ಕಳ ಮನಸ್ಸನ್ನು ಅರಿಯುವ ಶಿಕ್ಷಣವನ್ನು ಪಡೆದವರಿಗೆ ಮಾತ್ರ ಆ ಪಟ್ಟಿಯಲ್ಲಿ ಸ್ಥಾನವಿರಲಿ. ಅವರು ತಂದೆತಾಯಿಗಳಲ್ಲಿ ಯಾರಿಂದಲೂ ಕಾಸೊಂದನ್ನೂ ಪಡೆಯದಿರಲಿ. ಮಗುವನ್ನು ಎರಡು ಮನೆಗಳಲ್ಲಿಯೂ ಕಾಣಲಿ, ಶಾಲೆಯ ಉಪಾಧ್ಯಾಯರನ್ನು ವಿಚಾರಿಸಲಿ. ಒಪ್ಪಿಗೆಯ ವಿಚ್ಛೇದನಗಳಲ್ಲಿ ಮಗುವಿಗೆ ಸಂಬಂಧಿಸಿದ ಕರಾರುಗಳು ಅವರ ಪರಿಶೀಲನೆಯಿಲ್ಲದೆ ಅಂಗೀಕಾರವಾಗದಿರಲಿ. ತೀರ್ಪಿನ ನಂತರವೂ ಕೆಲವು ಕಾಲ ಅವರ ಹೊಣೆಯು ಮುಂದುವರಿಯಲಿ. ಇವರಿಗೆ ಕೊಡಬೇಕಾದ ಗೌರವಧನವು ಗೌರವಕ್ಕೆ ತಕ್ಕಷ್ಟಿರಲಿ. ಕಾಟಾಚಾರದ ನೆರವಿನಿಂದ ಕೂಸಿಗೆ ಒಬ್ಬ ವಕೀಲರ ಹೆಸರು ಸಿಗಬಹುದೇ ಹೊರತು ವಕೀಲರು ಸಿಗರು. ಖರ್ಚಾಗುವುದೆಂದು ಸರಕಾರವು ಹಿಂಜರಿಯಬಾರದು. ಉಚಿತ ಕಾನೂನು ನೆರವನ್ನು 1976ರಲ್ಲಿ ಸಂವಿಧಾನದ 39-ಎ ಅನುಚ್ಛೇದವಾಗಿ ಸೇರಿಸಿದಾಗ ಮಕ್ಕಳನ್ನು ಹೊರಗಿಡುವ ಉದ್ದೇಶವು ಯಾರಿಗೂ ಇರಲಿಲ್ಲ.

ಈ ಕಾರ್ಯದಲ್ಲಿ ನಮ್ಮ ವಕೀಲ ಸಂಘಗಳ ಮೇಲೂ ಒಂದು ಋಣವಿದೆ. ಸ್ವಾತಂತ್ರ್ಯ ಸಂಗ್ರಾಮದ ದಿನಗಳಲ್ಲಿ ಫೀಸನ್ನು ನೋಡದೆ ಸತ್ಯಾಗ್ರಹಿಗಳ ಪರವಾಗಿ ನಿಂತ ವಕೀಲರ ಪರಂಪರೆ ಈ ನಾಡಿನದು. ಪ್ರತಿಯೊಂದು ಜಿಲ್ಲೆಯಲ್ಲಿ ಹತ್ತು ಮಂದಿ ತರುಣ ವಕೀಲರು, ಅದರಲ್ಲಿಯೂ ಮಹಿಳೆಯರು, ವರ್ಷಕ್ಕೆ ಎರಡು ಮಕ್ಕಳ ಪಕ್ಷವನ್ನು ಶ್ರದ್ಧೆಯಿಂದ ವಹಿಸಿಕೊಂಡರೂ ಈ ವ್ಯವಸ್ಥೆಯು ಬೇರೂರುವುದು. ಅಗಲಲು ನಿರ್ಧರಿಸಿದ ತಂದೆತಾಯಿಗಳಲ್ಲಿಯೂ ನಮ್ಮದೊಂದು ವಿನಂತಿಯುಂಟು. ಮಗುವಿಗೆ ಬೇರೊಬ್ಬ ವಕೀಲರು ಬಂದರೆ ಅದನ್ನು ತಮ್ಮ ಪ್ರೀತಿಯ ಮೇಲಣ ಅಪನಂಬಿಕೆಯೆಂದು ಅವರು ಭಾವಿಸದಿರಲಿ. ತಮ್ಮ ದುಃಖದಲ್ಲಿ ತಾವು ಮುಳುಗಿರುವಾಗ ಮಗುವಿನ ಮಾತನ್ನು ಕೇಳಿಸಿಕೊಳ್ಳುವ ಒಬ್ಬರು ಇದ್ದಾರೆಂಬುದು ಅವರಿಗೂ ಸಮಾಧಾನವನ್ನೇ ಕೊಡಬೇಕು.

ಉಚ್ಚ ನ್ಯಾಯಾಲಯವು ಮನಸ್ಸು ಮಾಡಿದರೆ ಈ ನಿಯಮವು ಒಂದು ವರ್ಷದೊಳಗೆ ಜಾರಿಗೆ ಬರಬಹುದು. ಕರ್ನಾಟಕವು ದೇಶಕ್ಕೆ ಮೇಲ್ಪಂಕ್ತಿಯನ್ನು ಹಾಕಿಕೊಡಬಹುದು. ದೊಡ್ಡವರ ವ್ಯಾಜ್ಯಗಳಲ್ಲಿ ಯಾರು ಗೆದ್ದರು, ಯಾರು ಸೋತರು ಎಂಬುದು ಕೆಲವು ವರ್ಷಗಳಲ್ಲಿ ಮರೆತುಹೋಗುವುದು. ತನ್ನನ್ನು ಯಾರಾದರೂ ಕೇಳಿದರೋ ಇಲ್ಲವೋ ಎಂಬುದನ್ನು ಆ ಮಗು ಮಾತ್ರ ಮರೆಯಲಾರದು. ನ್ಯಾಯಾಲಯದಲ್ಲಿ ಅದಕ್ಕೊಂದು ಧ್ವನಿಯನ್ನು ಕೊಡುವ ಈ ಕಾರ್ಯವನ್ನು ಇನ್ನು ತಡಮಾಡದೆ ಕೈಗೊಳ್ಳಬೇಕೆಂದು ಸಂಬಂಧಪಟ್ಟವರೆಲ್ಲರನ್ನೂ ನಾವು ಆಗ್ರಹಪೂರ್ವಕವಾಗಿ ಪ್ರಾರ್ಥಿಸುತ್ತೇವೆ.